ಫಾರಿನ್ ಬೋರ್ಡು, ಊರಿನ ಮಂಡಿ

ಜಿಲ್ಲಾ ಕೇಂದ್ರಗಳ ಆಸ್ಪತ್ರೆ ಬೀದಿಗಳಲ್ಲಿ ಈಗ ಬೋರ್ಡುಗಳದ್ದೇ ಭರಾಟೆ. ಎಲುಬು ಡಾಕ್ಟರ ಹೆಸರಿನ ಕೆಳಗೆ ಡಿಗ್ರಿ, ಡಿಗ್ರಿಯ ಕೆಳಗೆ ದೇಶದ ಹೆಸರು. 'ಕೀಲು ಬದಲಿ ಹಾಗೂ ಆರ್ತ್ರೋಸ್ಕೋಪಿಯಲ್ಲಿ ವಿದೇಶಿ ತರಬೇತಿ ಪಡೆದವರು.' ಗಲ್ಲಾ ಪಕ್ಕ ನಿಂತೇ ವ್ಯಾಪಾರ ಮಾಡಿ ಮಂಡಿ ಸವೆಸಿಕೊಂಡ ಅಂಗಡಿಯವರು, ಬಸ್ಸಿನ ಮೆಟ್ಟಿಲು ಹತ್ತುವಾಗ 'ಅಯ್ಯಪ್ಪಾ' ಅನ್ನುವ ಅಜ್ಜಿ, ಇಬ್ಬರೂ ಆ ಬೋರ್ಡು ನೋಡಿಯೇ ಒಳಗೆ ಕಾಲಿಡುತ್ತಾರೆ. ಫಾರಿನ್ನಿಗೆ ಹೋಗಿ ಬಂದವರು ಅಂದಮೇಲೆ ಕೈಗುಣ ಚೆನ್ನಾಗೇ ಇರಬೇಕಲ್ಲ!

ಇರಬಹುದು. ಆದರೆ ಅಲ್ಲಿ ಹೋಗಿ ಏನು ಕಲಿತರು ಅಂತ ಕೇಳುವವರು ಕಮ್ಮಿ.

ಹೊರದೇಶದ ತರಬೇತಿ ಬರೀ ಷೋಕಿ ಅಲ್ಲ, ಅದಕ್ಕೆ ಕಾರಣವಿದೆ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲೆ ಎಂಬ ಸರ್ಜನ್ ಸೊಂಟದ ಕೀಲು ಬದಲಿಸುವ ಕೆಲಸಕ್ಕೆ ಕೈಹಾಕಿದಾಗ ಮೊದಮೊದಲು ಬಳಸಿದ್ದು ಟೆಫ್ಲಾನ್ ಬಟ್ಟಲು. ಅದು ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. ಹಾಕಿದ್ದನ್ನೇ ಮತ್ತೆ ಬಿಚ್ಚಬೇಕಾಯಿತು. 1962ರಲ್ಲಿ ಗಟ್ಟಿ ಪ್ಲಾಸ್ಟಿಕ್ಕಾದ ಪಾಲಿಎಥಿಲೀನ್ ಸಿಕ್ಕಮೇಲೆ ದಾರಿ ಸರಿಹೋಯಿತು. ಪೆಟ್ಟು ತಿಂದ ಚಾರ್ನ್‌ಲೆ ಒಂದು ಕಟ್ಟುಪಾಡು ಮಾಡಿದರು: ತನ್ನ ಬಳಿ ಬಂದು ಕಲಿತ ಸರ್ಜನ್‌ಗೆ ಮಾತ್ರ ಆ ಕೀಲಿನ ಸಾಮಾನು ಮಾರಬೇಕು. ದುಡ್ಡು ಕೊಟ್ಟವರಿಗೆಲ್ಲ ಇಲ್ಲ! ಸಾಮಾನಿಗಿಂತ ಕೈ ಮುಖ್ಯ ಅನ್ನೋದು ಅವರ ಲೆಕ್ಕ.

ಪಶ್ಚಿಮದವರು ಕಲಿಸೋದು, ಪೂರ್ವದವರು ಕಲಿಯೋದು ಅಂತಲೂ ಇಲ್ಲ. 1918ರಲ್ಲಿ ಜಪಾನಿನ ಟಕಾಗಿ ಮೂತ್ರಕೋಶ ನೋಡುವ ಕೊಳವೆಯನ್ನೇ ಹೆಣದ ಮಂಡಿಯೊಳಗೆ ತೂರಿಸಿ ನೋಡಿದರು. ಅದೇ ದಾರಿಯಲ್ಲಿ ನಡೆದ ವತನಾಬೆ 1962ರಲ್ಲಿ ಕೊಳವೆಯ ಮೂಲಕವೇ ಮಂಡಿಯ ಹರಿದ ಗಾದಿಯನ್ನು ಕತ್ತರಿಸಿ ತೆಗೆದರು. 1964ರಲ್ಲಿ ಕೆನಡಾದ ಟೊರಾಂಟೊದಿಂದ ರಾಬರ್ಟ್ ಜಾಕ್ಸನ್ ಟೋಕಿಯೋಗೆ ಹೋಗಿ ವತನಾಬೆ ಬಳಿ ಈ ವಿದ್ಯೆ ಕಲಿತರು. ಉತ್ತರ ಅಮೆರಿಕಕ್ಕೆ ಆರ್ತ್ರೋಸ್ಕೋಪಿ ಹಬ್ಬಿದ್ದು ಹೀಗೆ.

ಈಗಿನ ತರಬೇತಿಯಲ್ಲಿ ಎರಡು ಬಗೆ. ಒಂದು, ನೋಡಿ ಬರೋದು. ಅಮೆರಿಕದಲ್ಲಿ ಅಲ್ಲಿನ ಲೈಸೆನ್ಸು ಇಲ್ಲದೆ ಹೋದ ಡಾಕ್ಟರು ರೋಗಿಗೆ ಚಿಕಿತ್ಸೆ ಕೊಡುವಂತಿಲ್ಲ. ಥಿಯೇಟರಿನ ಮೂಲೆಯಲ್ಲಿ ನಿಂತು ನೋಡಬಹುದು, ಬರೆದುಕೊಳ್ಳಬಹುದು, ಅಷ್ಟೇ. ಇನ್ನೊಂದು, ಮಾಡಿ ಕಲಿಯೋದು. ಇಂಗ್ಲೆಂಡಿನಲ್ಲಿ ಅಲ್ಲಿನ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡು ಕೆಲಸಕ್ಕೆ ಸೇರಿದವರು ಹಿರಿಯ ಸರ್ಜನ್ ಎದುರಿಗೆ ಸ್ವತಃ ಚಾಕು ಹಿಡಿಯುತ್ತಾರೆ. ಎರಡರಿಂದಲೂ ಲಾಭವಿದೆ. ಆದರೆ ದಡದಲ್ಲಿ ನಿಂತವನೂ ಹೊಳೆಗೆ ಬಿದ್ದು ಈಜಿದವನೂ ಒಂದೇನಾ? ಬೋರ್ಡಿನ ಮೇಲೆ ಮಾತ್ರ ಇಬ್ಬರದೂ ಒಂದೇ ಅಕ್ಷರ!

ಎಲ್ಲಕ್ಕಿಂತ ದೊಡ್ಡ ಪಾಠ ಬೇರೆಯೇ ಇದೆ: ಯಾವಾಗ ಕೊಯ್ಯಬಾರದು ಅನ್ನೋದು. 2002ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಡಾಕ್ಟರುಗಳು ಮಂಡಿ ಸವೆದ 180 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ ಹೊರಬಿತ್ತು. ಕೆಲವರಿಗೆ ಕೊಳವೆ ಹಾಕಿ ಮಂಡಿ ತೊಳೆದರು, ಕೆಲವರಿಗೆ ಒಳಗೆ ಕೆರೆದು ಚೊಕ್ಕಟ ಮಾಡಿದರು, ಉಳಿದವರಿಗೆ ಚರ್ಮ ಕೊಯ್ದು ಹೊಲಿಗೆ ಹಾಕಿದ್ದಷ್ಟೆ. ಎರಡು ವರ್ಷ ನೋಡಿದರೂ ಮೂರು ಗುಂಪಿನ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಟದಲ್ಲಿ ಲಿಗಮೆಂಟ್ ಹರಿದ ಹುಡುಗನಿಗೆ ಆರ್ತ್ರೋಸ್ಕೋಪಿ ವರವೇ ಸರಿ. ಅರವತ್ತು ದಾಟಿ ಮಂಡಿ ಸವೆದವರಿಗೆ 'ಒಳಗೆ ಕ್ಲೀನ್ ಮಾಡ್ತೀವಿ' ಅಂದರೆ ಎರಡು ಸಲ ಯೋಚಿಸಬೇಕು.

ಇನ್ನು ಬಿಲ್ಲಿನ ಮಾತು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಂಡಿ ಕೀಲಿನ ಸಾಮಾನಿಗೆ ಮಿತಿ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಸಾಮಾನಿಗೆ ಆಗ ಗೊತ್ತುಮಾಡಿದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಅದಕ್ಕೆ ಮೊದಲು ಲಕ್ಷ ದಾಟುತ್ತಿತ್ತು. ಆದರೆ ಆ ಮಿತಿ ಸಾಮಾನಿಗೆ ಮಾತ್ರ. ಸರ್ಜನ್ ಫೀಸು, ಥಿಯೇಟರ್, ರೂಮಿನ ಬಾಡಿಗೆ ಅದರೊಳಗೆ ಬರೋದಿಲ್ಲ. ಫಾರಿನ್ ಹೆಸರಿನ ಬೆಲೆ ಸೇರಿಕೊಳ್ಳಲು ಜಾಗ ಅಲ್ಲೇ ಇದೆ.

ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆಯನ್ನೂ ಕೈಯಲ್ಲಿ ಹಿಡಿದು ನೋಡುವ ಗಿರಾಕಿ ಡಾಕ್ಟರ ಮುಂದೆ ಮಾತ್ರ ಬಾಯಿ ಬಿಡೋದಿಲ್ಲ. ಕೇಳಿದರೆ ತಪ್ಪೇನೂ ಇಲ್ಲ ಸ್ವಾಮಿ. ಅಲ್ಲಿ ನೋಡಿದ್ದೋ, ಮಾಡಿದ್ದೋ? ಬಂದಮೇಲೆ ಇಲ್ಲಿ ಸ್ವಂತ ಕೈಯಿಂದ ಎಷ್ಟು ಆಪರೇಷನ್ ಆಗಿವೆ? ಮಾತ್ರೆ, ವ್ಯಾಯಾಮ, ತೂಕ ಇಳಿಸೋದರಿಂದ ಇನ್ನಷ್ಟು ದಿನ ತಳ್ಳಬಹುದೇ? ಸಾಮಾನಿನ ಹೆಸರು, ಬೆಲೆ ಬಿಲ್ಲಿನಲ್ಲಿ ಬೇರೆಯಾಗಿ ಬರುತ್ತದೆಯೇ?

ನಿಜವಾಗಿ ಕಲಿತು ಬಂದ ಡಾಕ್ಟರು ಈ ನಾಲ್ಕಕ್ಕೂ ಕೂತು ಉತ್ತರ ಹೇಳುತ್ತಾರೆ. ಸಿಡುಕಿದರೆ ಮನೆಗೆ ಬಂದು ಇನ್ನೊಬ್ಬರ ಅಭಿಪ್ರಾಯ ಕೇಳಬಹುದು. ಸವೆದ ಮಂಡಿಯ ಆಪರೇಷನ್ನು ಒಂದು ವಾರ ತಡವಾದರೆ ಸಾಮಾನ್ಯವಾಗಿ ಮುಳುಗಿಹೋಗುವಂಥದ್ದು ಏನೂ ಇರೋದಿಲ್ಲ.