ಶುಕ್ರವಾರಕ್ಕೆ ಮೊದಲೇ ಕನ್ನಡ ಸಿದ್ಧವಿರಲಿ

ಇನ್ನು ಮೂರು ವಾರ. ಆಮೇಲೆ ಒಂದು ಶುಕ್ರವಾರ ಸಂಜೆ ಲ್ಯಾಪ್‌ಟಾಪು, ಚಾರ್ಜರು, ಒಂದು ಹೊದಿಕೆ ಹಿಡಿದು ಕಾಚಿಗೂಡದ ನಮ್ಮ ಮನೆಯಿಂದ ಹೊರಡುತ್ತೇನೆ. ಭಾನುವಾರ ಸಂಜೆ ವಾಪಸು ಬರುವಷ್ಟರಲ್ಲಿ ಬೇರೆಯವರು ಆಡಬಹುದಾದ ಒಂದು ಆಟ ಸಿದ್ಧವಾಗಿರಬೇಕು. ಆಟ ಅಂದರೆ ಕಂಪ್ಯೂಟರ್ ಆಟ. ಆಫೀಸಿನಲ್ಲಿ ಹೇಳಿದಾಗ ಒಬ್ಬರು, "ವಾರವಿಡೀ ಕೋಡ್ ಬರೆದದ್ದು ಸಾಲದೇನ್ರೀ?" ಎಂದು ನಕ್ಕರು. ಮನೆಯಲ್ಲಿ ಹೆಂಡತಿಯ ಪ್ರಶ್ನೆ ಇನ್ನೂ ನೇರ: "ಇದಕ್ಕೇನು ದುಡ್ಡು ಕೊಡ್ತಾರೇನ್ರಿ?"

ಕೊಡುವುದಿಲ್ಲ. ಆದರೂ ಹೋಗುತ್ತೇನೆ. ಎಂಟೆಕ್ ಮುಗಿಸಿ ಹತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದ್ದೇನೆ. ಬರೆದ ಕೋಡೆಲ್ಲ ಯಾವುದೋ ದೊಡ್ಡ ಯಂತ್ರದ ಸಣ್ಣ ತಿರುಪು. ಮೊದಲಿನಿಂದ ಕೊನೆಯವರೆಗೆ ನನ್ನದು ಎನ್ನಬಹುದಾದ ವಸ್ತು ಒಂದೂ ಇರಲಿಲ್ಲ. ಕಳೆದ ವರ್ಷ ಮೊದಲ ಸಲ ಈ ವಾರಾಂತ್ಯದ ಸ್ಪರ್ಧೆಗೆ ಹೋದಾಗ ಅಂಥದ್ದೊಂದು ಆಯಿತು. ಜೊತೆಗೆ ಒಂದು ತಪ್ಪೂ ಆಯಿತು. ಇವತ್ತಿನ ಬರಹ ಆ ತಪ್ಪಿನ ಬಗ್ಗೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಹೀಗೆ ಒಟ್ಟಿಗೆ ಕೂತು ಆಟ ಕಟ್ಟುವುದಕ್ಕೆ ಗೇಮ್ ಜಾಮ್ ಎನ್ನುತ್ತಾರೆ. ಇಂಟರ್‌ನೆಟ್ಟಿನಲ್ಲಿ ನಡೆಯುವ ಲುಡಮ್ ಡೇರ್ 2002ರಿಂದ ಇದೆ. ಊರೂರಿನ ಕೇಂದ್ರಗಳಲ್ಲಿ ಜನ ಮುಖಾಮುಖಿ ಸೇರಿ 48 ಗಂಟೆಯಲ್ಲಿ ಆಟ ಮಾಡುವ ಗ್ಲೋಬಲ್ ಗೇಮ್ ಜಾಮ್ 2009ರಲ್ಲಿ ಶುರುವಾಯಿತು. ಅದು ನಡೆಯುವುದು ಜನವರಿ ಕೊನೆಯ ಹೊತ್ತಿಗೆ. ವಿಷಯವನ್ನು ಮೊದಲೇ ಹೇಳುವುದಿಲ್ಲ. 2013ರಲ್ಲಿ ವಿಷಯವೆಂದು ಕೊಟ್ಟದ್ದು ಒಂದು ಮಾತೂ ಅಲ್ಲ, ಎದೆಬಡಿತದ ಸದ್ದು. ಅದನ್ನು ಕೇಳಿ ಲಂಡನ್ನಿನ ಒಂದು ತಂಡ ಹೃದಯದ ಆಪರೇಷನ್ ಮಾಡುವ ತಮಾಷೆಯ ಆಟ ಕಟ್ಟಿತು. ಅದೇ ಮುಂದೆ ಸರ್ಜನ್ ಸಿಮ್ಯುಲೇಟರ್ ಎಂದು ಹೆಸರಾಯಿತು.

ವಿಷಯವೇ ಗೊತ್ತಿಲ್ಲದ ಮೇಲೆ ತಯಾರಿ ಎಲ್ಲಿಂದ ಬಂತು ಎನ್ನಬಹುದು. ನಾನೂ ಹಾಗೇ ಅಂದುಕೊಂಡು ಬರಿಗೈಯಲ್ಲಿ ಹೋಗಿದ್ದೆ.

ನಮ್ಮದು ಮೂವರ ತಂಡ. ಚಿತ್ರ ಬಿಡಿಸಲು ವರಂಗಲ್‌ನ ಒಬ್ಬ ಗೆಳತಿ, ಸಂಗೀತಕ್ಕೆ ಇಲ್ಲಿಯದೇ ಒಬ್ಬ ಹುಡುಗ, ಕೋಡ್ ನನ್ನದು. ಆಟದ ಮಾತುಗಳು ಕನ್ನಡದಲ್ಲಿ, ತೆಲುಗಿನಲ್ಲಿ ಇರಬೇಕು ಎಂದು ಶುಕ್ರವಾರ ರಾತ್ರಿ ಚಹಾ ಕುಡಿಯುತ್ತ ಉತ್ಸಾಹದಿಂದ ತೀರ್ಮಾನಿಸಿದೆವು. ಶನಿವಾರ ಇಡೀ ದಿನ ಓಡಾಟ, ಗುದ್ದಾಟ, ಅಂಕಗಳ ಕೆಲಸದಲ್ಲೇ ಹೋಯಿತು. ಅಕ್ಷರ ಹಾಕಲು ಕೂತದ್ದು ರಾತ್ರಿ ಹತ್ತಕ್ಕೆ. "ಗೆದ್ದೆ" ಎಂದು ಟೈಪಿಸಿದರೆ ಪರದೆಯ ಮೇಲೆ "ಗೆದ್‌ದೆ" ಎಂದು ಬಂತು. "ಮತ್ತೊಮ್ಮೆ" ಅಂತೂ ಗುರುತೇ ಸಿಗದಂತೆ ಚೂರುಚೂರು. ತೆಲುಗಿನ ಪಾಡೂ ಅದೇ. ಎರಡೂ ಲಿಪಿಗಳು ಒಂದೇ ಬೇರಿನವು, ಒತ್ತು ಹಾಕುವ ರೀತಿ ಒಂದೇ, ಒಡೆಯುವ ರೀತಿಯೂ ಒಂದೇ.

ಕಾರಣ ಸರಳ. ಯೂನಿಕೋಡಿನಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಖ್ಯೆ ಇಲ್ಲ. "ದ್ದೆ" ಎಂದರೆ ಕಂಪ್ಯೂಟರಿಗೆ ದ, ಹಲಂತ, ಮತ್ತೊಂದು ದ, ಎತ್ವ ಎಂಬ ನಾಲ್ಕು ಚಿಹ್ನೆಗಳ ಸಾಲು. ಅವನ್ನು ಕೂಡಿಸಿ ಕೆಳಗೆ ಒತ್ತು, ಮೇಲೆ ಎತ್ವ ಕೂರಿಸಿ ಒಂದು ಆಕಾರ ಮಾಡುವ ಕೆಲಸವನ್ನು ಇನ್ನೊಂದು ತಂತ್ರಾಂಶ ಮಾಡಬೇಕು. ನಿಮ್ಮ ಫೋನು, ಬ್ರೌಸರು ಅದನ್ನು ಸದ್ದಿಲ್ಲದೆ ಮಾಡುತ್ತವೆ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ಆಟ ಕಟ್ಟುವ ಎಷ್ಟೋ ಎಂಜಿನ್‌ಗಳು ಅಕ್ಷರ ಒಂದಾದ ಮೇಲೊಂದು ನಿಲ್ಲುತ್ತದೆ ಎಂಬ ಇಂಗ್ಲಿಷಿನ ಲೆಕ್ಕದಲ್ಲೇ ಹುಟ್ಟಿದವು.

ನಾಲ್ಕು ಗಂಟೆ ಒದ್ದಾಡಿದೆ. ಫಾಂಟ್ ಬದಲಿಸಿದೆ, ಯಾರೋ ಬರೆದ ತೇಪೆ ಹಚ್ಚಿದೆ, ಪದಗಳನ್ನೇ ಚಿತ್ರ ಮಾಡಿ ಅಂಟಿಸಲು ನೋಡಿದೆ. ರಾತ್ರಿ ಎರಡಕ್ಕೆ ಗೆಳತಿ ನಿದ್ದೆಗಣ್ಣಲ್ಲಿ "ಇಂಗ್ಲಿಷ್ ಪೆಟ್ಟೇಯಂಡಿ" ಅಂದರು. ಇಂಗ್ಲಿಷನ್ನೇ ಹಾಕಿಬಿಡಿ ಅಂತ. ಹತ್ತೇ ನಿಮಿಷದಲ್ಲಿ ಹಾಕಿಬಿಟ್ಟೆ. ಮೂವರಿಗೂ ಸಮಾಧಾನವಾಯಿತು.

ಮುಂದಿನ ವಾರ ರಾಯಚೂರಿನಿಂದ ಅವ್ವ ಬಂದಿದ್ದಳು. ಮಗ ಮಾಡಿದ ಆಟ ಎಂದು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಅವ್ವ ಓದಿದ್ದು ನಾಲ್ಕನೇ ಇಯತ್ತೆ. ಕನ್ನಡ ಪೇಪರನ್ನು ಒಂದಕ್ಷರ ಬಿಡದೆ ಓದುತ್ತಾಳೆ. ಸ್ವಲ್ಪ ಹೊತ್ತು ನೋಡಿ, "ಇದರಾಗ ಏನ್ ಬರದೀಯಪ್ಪ? ನನಗ ತಿಳಿವಲ್ದು" ಎಂದು ಫೋನ್ ವಾಪಸು ಕೊಟ್ಟಳು. ಆಕೆಗೆ ಬೇಸರವೇನೂ ಆಗಲಿಲ್ಲ, ತಿಳಿಯದ್ದು ಹೊಸದೇನಲ್ಲ. ಸಂಕಟ ನನಗಾಯಿತು.

ಆ ರಾತ್ರಿ ಕನ್ನಡ ಬೇಡ ಎಂದವರು ಯಾರೂ ಇರಲಿಲ್ಲ. ಮೂವರಿಗೂ ನಮ್ಮ ನಮ್ಮ ಭಾಷೆ ಬೇಕೇ ಇತ್ತು. ಕೊನೆಯ ಗಳಿಗೆಯಲ್ಲಿ ಸಿದ್ಧವಿದ್ದದ್ದು ಮಾತ್ರ ಇಂಗ್ಲಿಷ್. ಹೊರನಾಡಿನಲ್ಲಿರುವ ನಮ್ಮ ಮನೆಗಳಲ್ಲಿ ಕನ್ನಡ ಕಳೆದುಹೋಗುವುದೂ ಬಹುಮಟ್ಟಿಗೆ ಹೀಗೇ ಎಂದು ನನಗನಿಸುತ್ತದೆ. ಮಕ್ಕಳಿಗೆ ಕನ್ನಡ ಬೇಡ ಎಂದು ತೀರ್ಮಾನಿಸಿದ ತಂದೆತಾಯಿಯನ್ನು ನಾನು ಕಂಡಿಲ್ಲ. ಆದರೆ ಮಲಗುವ ಹೊತ್ತಿಗೆ ಓದಿ ಹೇಳಲು ಕೈಗೆ ಸಿಗುವ ಪುಸ್ತಕ ಇಂಗ್ಲಿಷಿನದು, ಊಟದ ಹೊತ್ತಿಗೆ ಹಚ್ಚಿಕೊಡುವ ಕಾರ್ಟೂನು ಹಿಂದಿಯದು. ದಣಿದ ರಾತ್ರಿಯಲ್ಲಿ ಸಿದ್ಧವಿದ್ದದ್ದೇ ಗೆಲ್ಲುತ್ತದೆ. ನನ್ನ ಮಗಳು ಶಾಲೆಯಲ್ಲಿ ತೆಲುಗು ಕಲಿಯುತ್ತಿದ್ದಾಳೆ, ಆ ಬಲದ ಮೇಲೆ ಕನ್ನಡದ ಅರ್ಧ ಅಕ್ಷರಗಳನ್ನು ಊಹಿಸುತ್ತಾಳೆ. ಉಳಿದರ್ಧ ಕಲಿಸಬೇಕಾದವನು ನಾನು. ಅದನ್ನೂ "ಮುಂದಿನ ರಜೆಗೆ" ಎಂದು ದೂಡುತ್ತಲೇ ಬಂದಿದ್ದೇನೆ.

ಹಾಗಾಗಿ ಈ ವರ್ಷದ ತಯಾರಿ ಬೇರೆ ಥರ. ಮೊದಲ ಕೆಲಸ ಎಂಜಿನ್ ಆರಿಸುವುದು. ಗೊಡೊ ಎಂಬ ಉಚಿತ, ಮುಕ್ತ ಎಂಜಿನ್ ಇದೆ. ಅರ್ಜೆಂಟೀನಾದ ಇಬ್ಬರು ಶುರುಮಾಡಿ 2014ರಲ್ಲಿ ಎಲ್ಲರಿಗೂ ತೆರೆದಿಟ್ಟದ್ದು. 2023ರ ಮಾರ್ಚಿನಲ್ಲಿ ಬಂದ ಅದರ 4.0 ಆವೃತ್ತಿಯಿಂದ, ಅಕ್ಷರ ಕೂಡಿಸುವ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಅದರೊಳಗೇ ಇದೆ. ಫಾಂಟಿಗೆ ಗೂಗಲ್‌ನ ನೋಟೊ ಸಾನ್ಸ್ ಕನ್ನಡ ಇದೆ, ದಪ್ಪಕ್ಷರ ಬೇಕಾದರೆ ಬಾಲೂ ತಮ್ಮ ಇದೆ. ಎರಡನ್ನೂ ಯಾರು ಬೇಕಾದರೂ ಬಳಸಬಹುದು.

ಎರಡನೆಯದು ಪರೀಕ್ಷೆ. ಖಾಲಿ ಪರದೆಯ ಮೇಲೆ ಏಳು ಪದ ಹಾಕಿಟ್ಟಿದ್ದೇನೆ: ಗೆದ್ದೆ, ಸೋತೆ, ಮತ್ತೊಮ್ಮೆ, ಸೂರ್ಯ, ಜ್ಞಾನ, ಕ್ಷಮಿಸಿ, ರಾಷ್ಟ್ರ. ಒತ್ತು, ಓತ್ವ, ಅರ್ಕಾವತ್ತು, ಎರಡು ಒತ್ತಿನ ಅಕ್ಷರ ಎಲ್ಲವೂ ಇದರಲ್ಲಿ ಬಂದುಹೋಗುತ್ತವೆ. ನನ್ನ ಲ್ಯಾಪ್‌ಟಾಪಿನಲ್ಲಿ, ಬ್ರೌಸರಿನಲ್ಲಿ, ಅವ್ವನ ಹಳೇ ಫೋನಿನಲ್ಲಿ, ಮೂರೂ ಕಡೆ ಸರಿ ಕಂಡ ಮೇಲೇ ಮುಂದಿನ ಮಾತು.

ಮೂರನೆಯದು ಪದಗಳ ಪಟ್ಟಿ. ಎರಡು ದಿನದ ಆಟಕ್ಕೆ ಇಪ್ಪತ್ತೋ ಮೂವತ್ತೋ ಪದ ಬೇಕು, ಹೆಚ್ಚಿಲ್ಲ. ಅವನ್ನು ಕೋಡಿನ ನಡುವೆ ತುರುಕದೆ ಬೇರೆ ಕಡತದಲ್ಲಿ ಕನ್ನಡ, ತೆಲುಗು, ಇಂಗ್ಲಿಷ್ ಎಂದು ಮೂರು ಸಾಲಿನಲ್ಲಿ ಇಟ್ಟಿದ್ದೇನೆ. ಮೊದಲು "ಪ್ರಾರಂಭಿಸಿ", "ವಿರಾಮಗೊಳಿಸಿ" ಎಂದೆಲ್ಲ ಬರೆದೆ. ಓದಿದರೆ ಬ್ಯಾಂಕಿನ ಅರ್ಜಿಯಂತಿತ್ತು. ಅವ್ವನಿಗೆ ಫೋನ್ ಮಾಡಿ, ಆಡುವಾಗ ಆಟ ತಡೆಯಬೇಕಾದರೆ ಏನಂತಿದ್ದಿರಿ ಎಂದು ಕೇಳಿದೆ. "ನಿಂದ್ರು ಅಂತಿದ್ವಿ, ಮತ್ತೇನ?" ಅಂದಳು. ಈಗ ಗುಂಡಿಯ ಮೇಲೆ "ನಿಂದ್ರು" ಎಂದೇ ಇದೆ. ಮೈಸೂರಿನವರು ಬೇಕಾದರೆ "ತಾಳು" ಎಂದು ಬದಲಿಸಿಕೊಳ್ಳಲಿ, ಒಂದೇ ಸಾಲಿನ ಕೆಲಸ.

ನಾಲ್ಕನೆಯದು ತಾಲೀಮು. ಕಳೆದ ಭಾನುವಾರ ಗಡಿಯಾರ ಇಟ್ಟುಕೊಂಡು ನಾಲ್ಕು ಗಂಟೆಯಲ್ಲಿ ಚೌಕಾಬಾರಾ ಕಟ್ಟಿದೆ. ಐದು ಸಾಲು, ಐದು ಕಂಬ, 25 ಮನೆ, ನಾಲ್ಕು ಕವಡೆ. ನಿಯಮ ಎಲ್ಲರಿಗೂ ಗೊತ್ತಿರುವುದರಿಂದ ತಲೆ ಕೆಡಿಸಿಕೊಳ್ಳುವುದು ಬೇಡ, ಕೈ ಪಳಗಿದರೆ ಸಾಕು. ಸಂಜೆ ಅವ್ವನ ಫೋನಿಗೆ ಕಳಿಸಿದೆ. ಅರ್ಧ ಗಂಟೆಗೆ ಕರೆ ಬಂತು. "ಇಷ್ಟು ಸಲ ಚೌಕ ಬೀಳಂಗಿಲ್ಲಪ್ಪ. ನಿನ್ನ ಕವಡಿ ಸುಳ್ಳು ಹೇಳಾಕ ಹತ್ಯಾವ."

ನೋಡಿದರೆ ಆಕೆ ಹೇಳಿದ್ದೇ ಸರಿ. ಒಂದು, ಎರಡು, ಮೂರು, ನಾಲ್ಕು, ಎಂಟು, ಈ ಐದರಲ್ಲಿ ಒಂದನ್ನು ಸಮನಾಗಿ ಆರಿಸು ಎಂದು ಬರೆದುಬಿಟ್ಟಿದ್ದೆ. ಹಾಗಾಗಿ ಐದು ಎಸೆತಕ್ಕೊಂದು ಚೌಕ ಬೀಳುತ್ತಿತ್ತು. ಕವಡೆ ಹಾಗಲ್ಲ. ನಾಲ್ಕು ಕವಡೆ ಒಂದೊಂದೂ ಮೇಲೆ ಅಥವಾ ಕೆಳಗೆ ಮುಖಮಾಡಿ ಬೀಳಲು 16 ದಾರಿ. ಎರಡು ಬೀಳಲು ಅದರಲ್ಲಿ ಆರು ದಾರಿಯಾದರೆ, ಚೌಕಕ್ಕೆ ಒಂದೇ, ಎಂಟಕ್ಕೂ ಒಂದೇ. ಎಂಟೆಕ್‌ನಲ್ಲಿ ಸಂಭವನೀಯತೆ ಓದಿದವನು ತಪ್ಪಿದ. ಹುಣಸೆ ಬೀಜ ತೇಯ್ದು ಆಡಿ ಬೆಳೆದವಳು ಹಿಡಿದಳು. ಆದರೆ ಆಕೆ ಹಿಡಿಯಬೇಕಾದರೆ ಮೊದಲು ಆಟ ಆಕೆಗೆ ಓದಲು ಬರಬೇಕಿತ್ತು. ಕಳೆದ ವರ್ಷದ ಆಟದಲ್ಲಿ ಎಷ್ಟು ತಪ್ಪಿದ್ದರೂ ಅವ್ವ ಹೇಳುವಂತಿರಲಿಲ್ಲ.

ಇದಕ್ಕೆ ಎದುರು ವಾದ ಇದೆ. ಗೆಳೆಯನೊಬ್ಬ, "48 ಗಂಟೆಯಲ್ಲಿ ಆಟ ಮುಗಿಯುವುದೇ ಕಷ್ಟ. ಆಡುವವರು ಜಗತ್ತಿನವರು. ಕನ್ನಡ ಯಾಕೆ ಹೊರೆ ಮಾಡ್ಕೋತೀಯ?" ಎಂದ. ಹೊರೆ ಎಷ್ಟು ಎಂದು ಈಗ ಲೆಕ್ಕ ಸಿಕ್ಕಿದೆ. ಮೊದಲೇ ಮಾಡಿಕೊಂಡರೆ ಒಂದು ಸಂಜೆ, ಶನಿವಾರ ರಾತ್ರಿಗೆ ಬಿಟ್ಟರೆ ನಾಲ್ಕು ಗಂಟೆ ಮತ್ತು ಸೋಲು. ಜಗತ್ತಿನವರಿಗೆ ಇಂಗ್ಲಿಷ್ ಸಾಲು ಇದ್ದೇ ಇದೆ. ಕನ್ನಡ ಹಾಕಿದ ಮಾತ್ರಕ್ಕೆ ಕೆಟ್ಟ ಆಟ ಒಳ್ಳೆಯದಾಗುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ಆಟದಲ್ಲಿ ಮಾತು ಬರೀ ಅಲಂಕಾರವೂ ಅಲ್ಲ. 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ ಹುಟ್ಟಿದ ಬಾಬಾ ಈಸ್ ಯೂ ಎಂಬ ಆಟದಲ್ಲಿ ನಿಯಮಗಳೇ ಪದಗಳ ರೂಪದಲ್ಲಿ ಪರದೆಯ ಮೇಲೆ ಬಿದ್ದಿರುತ್ತವೆ. ಅವನ್ನು ತಳ್ಳಿ ವಾಕ್ಯ ಬದಲಿಸಿದರೆ ಆಟವೇ ಬದಲಾಗುತ್ತದೆ. ಅಲ್ಲಿ ಕೆಲಸ ಮಾಡುವುದು ಇಂಗ್ಲಿಷಿನ ವಾಕ್ಯರಚನೆ. ಕ್ರಿಯಾಪದ ಕೊನೆಗೆ ಬರುವ, ವಿಭಕ್ತಿ ಅಂಟಿಕೊಳ್ಳುವ ಕನ್ನಡದಲ್ಲಿ ಅಂಥದ್ದೊಂದು ಆಟ ಹೇಗಿದ್ದೀತು? ಅದನ್ನು ಹೊರಗಿನವರು ಬಂದು ಮಾಡಿಕೊಡುವುದಿಲ್ಲ.

ಆಟ ಕಟ್ಟುವುದು ನಮಗೆ ಪರಕೀಯವೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ ಹೊಸ ಹೊಸ ಮಣೆಯಾಟಗಳನ್ನು ರೂಪಿಸಿದವರು. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗ ಇದೆ. ಅರಸರ ಮಾತು ಬಿಡಿ, ದೇವಸ್ಥಾನದ ಕಟ್ಟೆಯ ಕಲ್ಲಿನ ಮೇಲೆ ಆಡು ಹುಲಿಯ ಗೆರೆ ಕೊರೆದ ದನಗಾಹಿಗಳೂ ಆಟ ಕಟ್ಟಿದವರೇ.

ಕಾಚಿಗೂಡದಲ್ಲಿ ಕೂತು ಇದನ್ನು ಬರೆಯುವುದಕ್ಕೆ ಒಂದು ಕಾರಣವಿದೆ. 1956ರವರೆಗೆ ನಮ್ಮ ರಾಯಚೂರೂ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಕಲಬುರಗಿ ಬೀದರೂ ಅಷ್ಟೇ. ಇಲ್ಲಿಗೆ ಬಂದ ಹಿರಿಯರು ರೈಲ್ವೆ ಸ್ಟೇಷನ್ನಿನ ಆಸುಪಾಸಿನಲ್ಲೇ ಕನ್ನಡಕ್ಕೆ ನೆಲೆ ಮಾಡಿದರು. ನೃಪತುಂಗ ಶಾಲೆ ಇಲ್ಲಿದೆ, ಕರ್ನಾಟಕ ಸಾಹಿತ್ಯ ಮಂದಿರ ಇಲ್ಲಿದೆ. ಮಕ್ಕಳು ಕನ್ನಡ ಕಲಿಯಬೇಕಾದರೆ ಶಾಲೆ ಬೇಕು, ದೊಡ್ಡವರು ಸೇರಬೇಕಾದರೆ ಮಂದಿರ ಬೇಕು ಎಂದು ಅವರು ಮೊದಲೇ ಯೋಚಿಸಿದ್ದರು. ನಮ್ಮ ತಲೆಮಾರಿನವರು ಆ ಕಟ್ಟಡಗಳಿಗೆ ರಾಜ್ಯೋತ್ಸವಕ್ಕೆ ಹೋಗಿ ಪಾಯಸ ಉಂಡು ಬರುತ್ತೇವೆ. ಅದೂ ಬೇಕು. ಅದರ ಮೇಲೆ ನಾವು ಏನು ಸೇರಿಸಿದೆವು?

ನನ್ನ ಸಲಹೆ ಸಣ್ಣದು. ಹೈದರಾಬಾದಿರಲಿ, ಪುಣೆ, ಚೆನ್ನೈ, ದುಬೈ ಇರಲಿ, ನಿಮ್ಮೂರಿನ ಕನ್ನಡ ಸಂಘದಲ್ಲಿ ವರ್ಷಕ್ಕೊಂದು ವಾರಾಂತ್ಯ ಆಟ ಕಟ್ಟಲು ಕೊಡಿ ಎಂದು ಕೇಳೋಣ. ಬೇಕಾದದ್ದು ಎರಡು ಕೋಣೆ, ಸಾಕಷ್ಟು ಪ್ಲಗ್ಗು, ರಾತ್ರಿಗೆ ಮೊಸರನ್ನ. ಕೋಡ್ ಬರೆಯಲು ನಾವಿದ್ದೇವೆ. ಹಳೇ ಆಟಗಳ ನಿಯಮ ಹೇಳಲು, ತಪ್ಪು ಹಿಡಿಯಲು ಹಿರಿಯರಿದ್ದಾರೆ. ಆಡಿ ನೋಡಿ "ಬೋರು" ಎಂದು ಮುಖಕ್ಕೆ ಹೇಳಲು ಮಕ್ಕಳಿದ್ದಾರೆ. ಈ ಮೂರೂ ಪೀಳಿಗೆ ಒಂದೇ ಕೆಲಸಕ್ಕೆ ಕೂರುವ ಸಂದರ್ಭ ಹೊರನಾಡಿನಲ್ಲಿ ಬೇರೆ ಎಷ್ಟಿವೆ?

ನನ್ನ ತಯಾರಿಯಲ್ಲಿ ಇನ್ನೂ ಎರಡು ಬಾಕಿ. ಸೋಮವಾರಕ್ಕೆ ರಜೆ ಹಾಕಬೇಕು, ಕಳೆದ ಸಲ ಹಾಕದೆ ಮೀಟಿಂಗಿನಲ್ಲೇ ತೂಕಡಿಸಿದ್ದೆ. ಇನ್ನೊಂದು, ಏಳು ಪದಗಳ ಪರೀಕ್ಷೆ. ನಿನ್ನೆ ರಾತ್ರಿ ಮಗಳು ಪಕ್ಕದಲ್ಲಿ ಕೂತು ಪರದೆಯ ಮೇಲಿದ್ದದ್ದನ್ನು ಓದಿದಳು. ಸೋತೆ ಬಂತು. ಗೆದ್ದೆ ಬಂತು. ಮತ್ತೊಮ್ಮೆಯಲ್ಲಿ ತಡವರಿಸಿದಳು. ಅಕ್ಷರ ಸರಿಯಾಗಿಯೇ ಕಾಣುತ್ತಿತ್ತು, ಆಕೆಗೆ ಓದಲು ಬರಲಿಲ್ಲ. ಇನ್ನು ಮೂರು ವಾರ ಇದೆಯಲ್ಲ, ದಿನಾ ಮಲಗುವ ಮೊದಲು ಹತ್ತು ನಿಮಿಷ ಒತ್ತಕ್ಷರ ಎಂದು ಮಾತಾಗಿದೆ. ಇವತ್ತು ಮೊದಲ ದಿನ.