ವರದಿಯಿಂದ ಕಿತ್ತುಹಾಕಿದ ಪುಟ

ಕಳೆದ ತಿಂಗಳ ಕೂಟದಲ್ಲಿ ಕವಿತಾವಾಚನ ಮುಗಿದ ಮೇಲೆ ನಮ್ಮ ಬಳಗದ ಸದಸ್ಯೆಯೊಬ್ಬರ ಮಗಳು ಎರಡು ಪುಟಗಳನ್ನು ಓದಿದಳು. ಒಂಬತ್ತನೆಯ ತರಗತಿಯ ಹುಡುಗಿ, ಇಂಗ್ಲಿಷ್ ಮಾಧ್ಯಮ. ಕನ್ನಡವನ್ನು ಅಜ್ಜಿಯಿಂದ ಕಲಿತವಳಾದ್ದರಿಂದ ಒತ್ತಕ್ಷರ ಬಂದಲ್ಲೆಲ್ಲ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿದ್ದಳು. ದೀಪಾವಳಿ ರಜೆಯಲ್ಲಿ ಶಾಲೆ ವಿಧಿಸಿದ್ದ ಹತ್ತು ದಿನಗಳ ಕಾರ್ಯಾನುಭವದ ವರದಿ ಅದು. ‘ವಿಷಯಾಂತರ’ ಎಂಬ ಷರಾದೊಂದಿಗೆ ಶಾಲೆಯಿಂದ ಮರಳಿ ಬಂದಿದ್ದ ವರದಿ. ಅದರ ಬದಲಿಗೆ ತಾಯಿ ಕುಳಿತು ಬರೆದುಕೊಟ್ಟ ಇನ್ನೊಂದು ವರದಿಗೆ ಒಳ್ಳೆಯ ಶ್ರೇಣಿಯೇ ದೊರೆಯಿತಂತೆ. ಇದನ್ನು ಆ ತಾಯಿಯೇ ನಮ್ಮೆದುರು ಒಪ್ಪಿಕೊಂಡರು. ಆ ಪ್ರಾಮಾಣಿಕತೆಗೆ ನಾವು ಕೃತಜ್ಞರು.

ಹುಡುಗಿ ಹೋದದ್ದು ತಂದೆಯ ಪರಿಚಯಸ್ಥರ ಉಡುಪಿ ಹೋಟೆಲಿಗೆ. ಮಧ್ಯ ರೈಲ್ವೆಯ ಒಂದು ನಿಲ್ದಾಣದ ಬಳಿ ಇದೆ ಎಂದಷ್ಟೇ ಹೇಳಬಲ್ಲೆವು. ಅವಳನ್ನು ಗಲ್ಲೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಬಿಲ್ಲಿನ ಯಂತ್ರ ನಡೆಸುವುದು, ಪಾರ್ಸೆಲ್ ಚೀಟಿಗಳನ್ನು ಹೊಂದಿಸುವುದು, ಮೊಬೈಲಿನಲ್ಲಿ ಬರುವ ಆರ್ಡರುಗಳನ್ನು ಅಡುಗೆಮನೆಗೆ ಕೂಗಿ ಹೇಳುವುದು ಅವಳ ಕೆಲಸ. ಬೆಳಗ್ಗೆ ಹನ್ನೊಂದರಿಂದ ನಾಲ್ಕರವರೆಗೆ. ನಡುವೆ ಊಟ, ಎರಡು ಸಲ ಕಾಫಿ. ಇದಿಷ್ಟನ್ನೂ ಅವಳು ಶ್ರದ್ಧೆಯಿಂದ ಬರೆದಿದ್ದಾಳೆ. ಚಿಲ್ಲರೆ ಎಣಿಸುವಾಗ ಮೊದಲ ದಿನ ನಲವತ್ತು ರೂಪಾಯಿ ಕಡಿಮೆ ಬಂದದ್ದನ್ನೂ ಮುಚ್ಚಿಟ್ಟಿಲ್ಲ.

ಎರಡನೆಯ ಪುಟದಲ್ಲಿ ಅವಳು ಟೇಬಲ್ ಒರೆಸುವ ಹುಡುಗನ ಬಗ್ಗೆ ಬರೆದಳು. ವಯಸ್ಸು ಹದಿನಾರು, ಇವಳಿಗಿಂತ ಒಂದು ವರ್ಷ ದೊಡ್ಡವ. ಆದರೂ ಅವನು ಇವಳನ್ನು ‘ದೀದಿ’ ಎಂದೇ ಕರೆಯುತ್ತಿದ್ದ. ಉತ್ತರದ ಯಾವುದೋ ಊರಿನವನು. ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಹುಡುಗಿ ಪುಟದ ನಡುವೆ ಒಂದು ಗೆರೆ ಎಳೆದು ಎರಡು ವೇಳಾಪಟ್ಟಿಗಳನ್ನು ಬರೆದಳು. ಎಡಕ್ಕೆ ತನ್ನದು, ಬಲಕ್ಕೆ ಅವನದು. ಬಲಗಡೆಯ ಪಟ್ಟಿ ಬೆಳಗ್ಗೆ ಆರಕ್ಕೆ ಆರಂಭವಾಗಿ ರಾತ್ರಿ ಹತ್ತೂವರೆಗೆ ಮುಗಿಯುತ್ತದೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಅಟ್ಟದ ಮೇಲೆ ನಿದ್ದೆ. ಕೆಳಗೆ ಒಂದೇ ವಾಕ್ಯ: ‘ನನ್ನನ್ನು ಕಳುಹಿಸಲು ಶಾಲೆಯವರು ಅಪ್ಪನ ಸಹಿ ಕೇಳಿದರು; ಅವನ ಅಪ್ಪನ ಸಹಿ ಯಾರು ಕೇಳಿದರೆಂದು ನಾನು ವಿಚಾರಿಸಿದಾಗ ಎಲ್ಲರೂ ನಕ್ಕರು.’

ಇದು ವಿಷಯಾಂತರವೆಂದು ಶಾಲೆಗೆ ತೋರಿತು. ವಿಷಯವಾದರೂ ಯಾವುದು? ಶಾಲೆ ಕೊಟ್ಟ ಮಾದರಿ ಹಾಳೆಯನ್ನು ನಾವು ತರಿಸಿ ನೋಡಿದೆವು. ‘ನಾನು ಗಳಿಸಿದ ಐದು ಕೌಶಲಗಳು’, ‘ನಾನು ಎದುರಿಸಿದ ಸವಾಲು ಮತ್ತು ಅದನ್ನು ಗೆದ್ದ ಬಗೆ’, ‘ನನ್ನ ಭವಿಷ್ಯದ ಗುರಿ’. ಎಲ್ಲವೂ ನಾನು, ನನ್ನ, ನನಗೆ. ಕೆಲಸದ ಸ್ಥಳವೆಂದರೆ ಬೇರೆಯವರೂ ಇರುವ ಸ್ಥಳ ಎಂಬ ಸೂಚನೆಯೇ ಆ ಹಾಳೆಯಲ್ಲಿಲ್ಲ. ಹದಿನೈದರ ಮಗು ಮೊದಲ ಸಲ ದುಡಿಮೆಯ ಲೋಕವನ್ನು ಹೊಕ್ಕು, ಅಲ್ಲಿ ಕಂಡದ್ದರಲ್ಲಿ ಅತ್ಯಂತ ಮುಖ್ಯವಾದುದನ್ನು ಗುರುತಿಸಿ ಬರೆದರೆ ಅದನ್ನು ಅಳಿಸು ಎನ್ನುತ್ತೇವೆ. ಹಾಗಿದ್ದರೆ ಹತ್ತು ದಿನಗಳಲ್ಲಿ ಆ ಮಗುವಿಗೆ ನಾವು ಕಲಿಸಿದ ಕೌಶಲ ಯಾವುದು? ಕಂಡದ್ದನ್ನು ಕಾಣದಂತೆ ಬರೆಯುವುದೇ ತಾನೇ?

ದುಡಿಮೆಯನ್ನು ಶಾಲೆಯೊಳಕ್ಕೆ ತರುವ ವಿಚಾರ ಹೊಸದೂ ಅಲ್ಲ, ಕೆಟ್ಟದ್ದೂ ಅಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮಿನ ಮೂಲದಲ್ಲಿ ಇದ್ದದ್ದು ಕೈಕೆಲಸವೇ. 1964–66ರ ಕೊಠಾರಿ ಆಯೋಗ ‘ಕಾರ್ಯಾನುಭವ’ವನ್ನು ಶಿಕ್ಷಣದ ಅಂಗವಾಗಿಸಬೇಕೆಂದಿತು. ಅದು ಮುಂದೆ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವಾಗಿ ನಮ್ಮ ತಲೆಮಾರಿನ ಪಾಲಿಗೆ ಬಂತು, ಅಂಗಡಿಯಿಂದ ಕೊಂಡು ತಂದ ಮೇಣದಬತ್ತಿಯನ್ನು ನಾವೇ ಮಾಡಿದ್ದೆಂದು ತೋರಿಸಿ ಅಂಕ ಪಡೆದವರು ನಮ್ಮ ನಡುವೆ ಕನಿಷ್ಠ ನಾಲ್ವರಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಡಗಿ, ತೋಟಗಾರ, ಕುಂಬಾರ ಮೊದಲಾದವರ ಬಳಿ ಕಲಿಯಲಿ ಎನ್ನುತ್ತದೆ. ಹನ್ನೆರಡನೆಯ ತರಗತಿಯವರೆಗೂ, ರಜೆಯಲ್ಲೂ ಇಂಥ ಅವಕಾಶಗಳಿರಲಿ ಎನ್ನುತ್ತದೆ. ಆಶಯ ಒಳ್ಳೆಯದೇ. ಆದರೆ ನಮ್ಮ ಹೌಸಿಂಗ್ ಸೊಸೈಟಿಗಳಲ್ಲಿ ಯಾವ ಮಗು ಬಡಗಿಯ ಬಳಿ ಹೋಯಿತು? ಅಪ್ಪನ ಸ್ನೇಹಿತರ ಲೆಕ್ಕಪರಿಶೋಧನ ಕಚೇರಿ, ಚಿಕ್ಕಪ್ಪನ ಬ್ಯಾಂಕು, ಅತ್ತೆಯ ಜಾಹೀರಾತು ಕಂಪನಿ. ಎರಡು ಫೋನ್ ಕರೆ, ಒಂದು ಪ್ರಮಾಣಪತ್ರ. ಈ ಹುಡುಗಿ ಹೋಟೆಲಿಗೆ ಹೋದದ್ದೂ ಕಚೇರಿಯ ಏರ್ಪಾಡು ಕೊನೆಯ ಗಳಿಗೆಯಲ್ಲಿ ತಪ್ಪಿದ್ದರಿಂದ.

ಕೂಟದಲ್ಲಿ ಅವಳು ಓದಿ ಮುಗಿಸಿದಾಗ ಮೊದಲು ಚಪ್ಪಾಳೆ, ಆಮೇಲೆ ಮೌನ, ಆಮೇಲೆ ಜಗಳ. ನಮ್ಮ ಹಿರಿಯರೊಬ್ಬರು ಎದ್ದು ನಿಂತು, ‘ನಾವೂ ಹೀಗೆ ದುಡಿದೇ ಇಲ್ಲಿಗೆ ಬಂದವರು. ಹಗಲು ಕಪ್ಪು ಬಸಿ ತೊಳೆದು ರಾತ್ರಿ ಓದಿದೆವು. ಆ ಹುಡುಗನೂ ಮುಂದೆ ಬರುತ್ತಾನೆ ಬಿಡಮ್ಮ’ ಎಂದರು. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಮುಂಬಯಿ ಕನ್ನಡಿಗರ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ಅದು. ಕರಾವಳಿಯಿಂದ ಬಂದ ಮಾಣಿಗಳು ಹೋಟೆಲಿನ ಕೆಲಸ ಮುಗಿಸಿ, ಮೊಗವೀರರ ಮಂಡಳಿ, ಬಿಲ್ಲವರ ಸಂಘದಂಥ ಸಂಸ್ಥೆಗಳು ನಡೆಸುತ್ತಿದ್ದ ರಾತ್ರಿ ಶಾಲೆಗಳಲ್ಲಿ ಕುಳಿತು ಮೆಟ್ರಿಕ್ ಮಾಡಿದರು. ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಧನಿಗಳೂ ಆದರು. ನಮ್ಮ ಬಳಗದ ಅರ್ಧದಷ್ಟು ಜನ ಅವರ ಮಕ್ಕಳು, ಮೊಮ್ಮಕ್ಕಳು.

ಆದರೆ ಅದೇ ಕಥೆಯನ್ನು ಪೂರ್ತಿ ಹೇಳಬೇಕು. ಆ ಮಾಣಿಯನ್ನು ಮೇಲೆತ್ತಿದ್ದು ಕಪ್ಪು ತೊಳೆದದ್ದಲ್ಲ. ಸಂಜೆ ಅವನನ್ನು ಬಿಟ್ಟುಕೊಟ್ಟ ಧನಿ, ದೀಪ ಹಚ್ಚಿಟ್ಟು ಕಾಯುತ್ತಿದ್ದ ಮಾಸ್ತರು, ಅವನ ಭಾಷೆಯಲ್ಲೇ ಇದ್ದ ಪುಸ್ತಕ. ಈಗ ಟೇಬಲ್ ಒರೆಸುವ ಹುಡುಗನಿಗೆ ಇವುಗಳಲ್ಲಿ ಒಂದೂ ಇಲ್ಲ. ರಾತ್ರಿ ಹತ್ತೂವರೆಗೆ ಬಿಡುಗಡೆಯಾಗುವವನಿಗೆ ಯಾವ ರಾತ್ರಿ ಶಾಲೆ? ಅವನು ನಮ್ಮವನಲ್ಲ, ನಮ್ಮ ಜಿಲ್ಲೆಯವನಲ್ಲ ಎಂಬ ಕಾರಣಕ್ಕೆ ನಮ್ಮ ಸಂಘಗಳ ಕಣ್ಣಿಗೆ ಅವನು ಬೀಳುವುದೂ ಇಲ್ಲ. ಕಷ್ಟದಿಂದ ಮೇಲೆ ಬಂದವರ ಕಷ್ಟ ಗೌರವಕ್ಕೆ ಅರ್ಹ, ಸರಿ. ಅದನ್ನೇ ಇನ್ನೊಬ್ಬ ಹುಡುಗನ ಮೇಲೆ ಹೇರಲು ಅನುಮತಿಪತ್ರದಂತೆ ತೋರಿಸುವುದನ್ನು ನಾವು ಒಪ್ಪುವುದಿಲ್ಲ.

ಕಾನೂನೂ ಒಪ್ಪುವುದಿಲ್ಲ. ಹದಿನಾಲ್ಕು ದಾಟಿದವರು ಹೋಟೆಲಿನಲ್ಲಿ ದುಡಿಯಬಹುದಲ್ಲ ಎಂದು ಅಂದು ಕೆಲವರು ವಾದಿಸಿದರು. ಹೌದು, ದುಡಿಯಬಹುದು. ಆದರೆ 2016ರ ತಿದ್ದುಪಡಿಯ ಬಳಿಕ 1986ರ ಬಾಲಕಾರ್ಮಿಕ ಕಾಯ್ದೆಯ ಕೆಲಸದ ಅವಧಿಯ ನಿಯಮಗಳು ಹದಿನಾಲ್ಕರಿಂದ ಹದಿನೆಂಟರವರೆಗಿನವರಿಗೆ ಅನ್ವಯಿಸುತ್ತವೆ. ಸತತವಾಗಿ ಮೂರು ಗಂಟೆಗಿಂತ ಹೆಚ್ಚು ದುಡಿಸಬಾರದು. ಬಳಿಕ ಒಂದು ಗಂಟೆ ವಿರಾಮ ಕೊಡಬೇಕು. ವಿರಾಮವೂ ಸೇರಿ ದಿನಕ್ಕೆ ಒಟ್ಟು ಆರು ಗಂಟೆ. ಸಂಜೆ ಏಳರಿಂದ ಬೆಳಗ್ಗೆ ಎಂಟರವರೆಗೆ ಕೆಲಸವೇ ಕೂಡದು. ವಾರಕ್ಕೊಂದು ಪೂರ್ತಿ ರಜೆ. ಹುಡುಗಿ ಎಳೆದ ಗೆರೆಯ ಎಡಬದಿ ಈ ಸಮಯದ ಮಿತಿಯೊಳಗಿದೆ. ಬಲಬದಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಕಾಯ್ದೆಯ ಹೆಸರನ್ನೂ ಕೇಳಿರದ ಮಗು ಕಣ್ಣಳತೆಯಲ್ಲೇ ಅದನ್ನು ಕಂಡುಕೊಂಡಿತ್ತು.

ಇನ್ನು ನಮ್ಮ ಮಾತು. ನಾವು ಸಾಹಿತ್ಯದ ಬಳಗ. ಚಿತ್ತಾಲರ ‘ಶಿಕಾರಿ’ಯನ್ನು ಎರಡು ಕೂಟಗಳಲ್ಲಿ ಚರ್ಚಿಸಿದವರು, ಕಂಪನಿಯೊಂದು ಒಬ್ಬ ಮನುಷ್ಯನನ್ನು ಹೇಗೆ ಬೇಟೆಯಾಡುತ್ತದೆ ಎಂದು ಗಂಟೆಗಟ್ಟಲೆ ಮಾತನಾಡಿದವರು. ಕೆಲಸದ ಸ್ಥಳದ ಸತ್ಯವನ್ನು ಹೇಳಿದ ಲೇಖಕನಿಗೆ ನಮ್ಮಲ್ಲಿ ಗೌರವ ಉಂಟು, ಹೇಳಿದ ವಿದ್ಯಾರ್ಥಿನಿಗೆ ಮಾತ್ರ ತಿದ್ದುಪಡಿ. ಆ ರಾತ್ರಿ ನಮಗೆ ಹೆಚ್ಚು ಮುಜುಗರ ತಂದ ಸಂಗತಿ ಇನ್ನೊಂದಿದೆ. ಹುಡುಗಿ ಓದುತ್ತಿದ್ದಾಗ ನಮ್ಮ ಕೈಯಲ್ಲಿದ್ದ ಗೋಳಿಬಜೆ, ಕಾಫಿ ಬಂದದ್ದು ಅದೇ ಹೋಟೆಲಿನಿಂದ, ಉಚಿತವಾಗಿ. ಹೊರನಾಡಿನಲ್ಲಿ ಯಕ್ಷಗಾನವಿರಲಿ, ಪುಸ್ತಕ ಬಿಡುಗಡೆಯಿರಲಿ, ಹೋಟೆಲಿನವರ ಔದಾರ್ಯವಿಲ್ಲದೆ ನಡೆದದ್ದು ಕಡಿಮೆ. ಅವರು ಕೆಟ್ಟವರಲ್ಲ, ನಮ್ಮಲ್ಲಿ ಹಲವರಿಗೆ ಬಂಧುಗಳು. ಹಾಗೆಂದೇ ಮಾತು ಗಂಟಲಲ್ಲಿ ನಿಲ್ಲುತ್ತದೆ. ಈ ಬರಹವನ್ನು ಪ್ರಕಟಿಸಲು ನಮ್ಮ ಇಬ್ಬರು ಹಿರಿಯರು ಒಪ್ಪಲಿಲ್ಲ; ಅವರ ಅಸಮ್ಮತಿಯನ್ನು ಇಲ್ಲಿ ದಾಖಲಿಸುತ್ತೇವೆ.

ಶಾಲೆಗಳಿಗೆ ನಾವು ಹೇಳುವುದು ಇಷ್ಟು: ಆ ಮಾದರಿ ಹಾಳೆಯನ್ನು ಹರಿದುಹಾಕಿ. ಅಲ್ಲಿ ನಿನ್ನ ಜೊತೆ ಯಾರು ಯಾರು ದುಡಿದರು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಅವರು ಎಲ್ಲಿ ಉಂಡರು, ಎಲ್ಲಿ ಕೂತರು ಎಂದು ಕೇಳಿ. ಮಗು ಬರೆದದ್ದನ್ನು ಓದಿ ಇರುಸುಮುರುಸಾದರೆ ಆಗಲಿ. ತಂದೆತಾಯಿಯರಾದ ನಾವು ವರದಿಯನ್ನು ಮುಟ್ಟದಿರೋಣ; ಕಾಗುಣಿತದ ತಪ್ಪಿದ್ದರೂ ಸರಿ. ಶಿಫಾರಸಿನ ಫೋನನ್ನು ಒಂದು ವರ್ಷವಾದರೂ ಕೆಳಗಿಡೋಣ.

ಮೊನ್ನೆ ನಮ್ಮಲ್ಲಿ ಮೂವರು ಹೋಟೆಲಿನ ಧನಿಗಳನ್ನು ಕಂಡು ಮಾತನಾಡಿದೆವು, ಹುಡುಗಿಯ ಪುಟವನ್ನೂ ಕೊಟ್ಟೆವು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಈ ಪುಟ್ಟಿ ಇದನ್ನೆಲ್ಲ ಯಾವಾಗ ನೋಡಿತು ಮಾರಾಯ್ರೆ’ ಎಂದರು. ಹುಡುಗನನ್ನು ಇನ್ನು ಎಂಟರ ನಂತರವೇ ಕೆಲಸಕ್ಕೆ ಇಳಿಸುತ್ತೇನೆ, ಮಧ್ಯಾಹ್ನ ಎರಡಕ್ಕೆ ಬಿಡುತ್ತೇನೆ, ಸಂಬಳ ಕಡಿಯುವುದಿಲ್ಲ ಎಂದು ಮಾತು ಕೊಟ್ಟರು. ಅವನ ಓದಿಗೆ ಹಿಂದಿ ಮಾಧ್ಯಮದ ರಾತ್ರಿ ಶಾಲೆ ಹತ್ತಿರದಲ್ಲಿ ಎಲ್ಲಿದೆಯೆಂದು ನಾವು ಹುಡುಕುತ್ತಿದ್ದೇವೆ. ಓದುಗರಲ್ಲಿ ಯಾರಿಗಾದರೂ ತಿಳಿದಿದ್ದರೆ ಹೇಳಿ. ಮುಂದಿನ ಕೂಟದ ಫಲಾಹಾರದ ಬಿಲ್ಲನ್ನು ನಾವೇ ಕೊಡುವುದೆಂದೂ ನಿಶ್ಚಯವಾಗಿದೆ. ಬರುವ ಭಾನುವಾರ ಬೆಳಗ್ಗೆ ಆರೂವರೆಗೆ ನಾವು ನಾಲ್ಕೈದು ಮಂದಿ ಅಲ್ಲಿ ಚಹಾ ಕುಡಿಯಲು ಹೋಗುವವರಿದ್ದೇವೆ. ಟೇಬಲ್ ಒರೆಸಲು ಯಾರು ಬರುತ್ತಾರೆಂದು ನೋಡಬೇಕು.