ಓಟು ಕಲ್ಯಾಣದುರ್ಗದಲ್ಲೋ, ಬೆಂಗಳೂರಿನಲ್ಲೋ?

2024ರ ಲೋಕಸಭಾ ಚುನಾವಣೆಗೆ ಬೆಂಗಳೂರು ಏಪ್ರಿಲ್ 26ರಂದು ಮತ ಹಾಕಿತು. ಆಂಧ್ರದಲ್ಲಿ ಮೇ 13ರಂದು ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಮತದಾನ ನಡೆಯಿತು. ಅಲ್ಲಿನ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆ ನಿಂತವರು ಎಷ್ಟೋ ಮಂದಿ ಓಟಿಗೆಂದು ಊರಿಗೆ ಹೋಗಿಬಂದರು. ಹೀಗೆ ಓಟನ್ನು ಹುಟ್ಟೂರಲ್ಲೇ ಉಳಿಸಿಕೊಳ್ಳುವುದು ಸರಿಯೇ? ಕಲ್ಯಾಣದುರ್ಗದ ಪಕ್ಕದ ಹಳ್ಳಿಯ ಒಂದು ಕನ್ನಡ ಮನೆಯಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ಅಣ್ಣ, ತಂಗಿ ಇಬ್ಬರೂ ಬೆಂಗಳೂರಿನವರೇ ಆಗಿದ್ದಾರೆ. ಅಣ್ಣನ ಹೆಸರು ಊರಿನ ಮತದಾರರ ಪಟ್ಟಿಯಲ್ಲಿದೆ, ತಂಗಿಯದು ಇಲ್ಲಿ.

ಪರ: ಹೊಲ ಅಲ್ಲಿದ್ದ ಮೇಲೆ ಓಟೂ ಅಲ್ಲೇ

ನಮ್ಮ ಮನೆಯಲ್ಲಿ ಅಪ್ಪ ಟಿಡಿಪಿಯ ಸೈಕಲ್, ಅಮ್ಮ ವೈಎಸ್‌ಆರ್ ಕಾಂಗ್ರೆಸ್ಸಿನ ಫ್ಯಾನು. ಅಪ್ಪನ ಸಿಟ್ಟೆಲ್ಲ ಪಾಸ್‌ಬುಕ್ಕಿನ ಮೇಲೆ. ತಾತನ ಕಾಲದ ಕಡಲೆಕಾಯಿ ಹೊಲ, ಪಟ್ಟಾ ಪುಸ್ತಕದ ರಟ್ಟಿನ ಮೇಲೆ ಆಗಿನ ಮುಖ್ಯಮಂತ್ರಿ ಜಗನ್ ಫೋಟೊ. ಅದರ ಮೇಲೆ ಹೊಸ ಭೂ ಹಕ್ಕು ಕಾಯ್ದೆ ಬಂದು, ಇನ್ನು ತಕರಾರಾದರೆ ಕೋರ್ಟಿಗೂ ಹೋಗುವಂತಿಲ್ಲವಂತೆ ಎಂಬ ಭಯವಿತ್ತು. ಅಮ್ಮನ ಲೆಕ್ಕ ಬೇರೆ. ತಿಂಗಳ ಒಂದನೇ ತಾರೀಖು ವಾಲಂಟೀರು ಬಾಗಿಲಿಗೇ ತಂದು ಎಣಿಸಿಕೊಡುತ್ತಿದ್ದ 3,000 ರೂಪಾಯಿ ಪಿಂಚಣಿ ಅವಳದು. ಚುನಾವಣಾ ಆಯೋಗ ವಾಲಂಟೀರರನ್ನು ಆ ಕೆಲಸದಿಂದ ದೂರ ಇಟ್ಟಾಗ, ಏಪ್ರಿಲ್ ಬಿಸಿಲಲ್ಲಿ ಗ್ರಾಮ ಸಚಿವಾಲಯದ ಮುಂದೆ ಕಾದು ತಂದಳು. ಅದಕ್ಕೆಲ್ಲ ಟಿಡಿಪಿಯ ಚಂದ್ರಬಾಬೇ ಕಾರಣ ಎಂದು ತೀರ್ಮಾನಿಸಿಬಿಟ್ಟಳು. ಜೂನ್ 4ರಂದು ಫಲಿತಾಂಶ ಬಂದ ಮೇಲೆ ಇಬ್ಬರಿಗೂ ಮಾತಿಲ್ಲ. ಹೊಲ, ಪಿಂಚಣಿ ಎರಡೂ ನನ್ನ ಮನೆಯ ವಿಷಯ. ಅವುಗಳಲ್ಲಿ ನನ್ನ ಮಾತು ನಡೆಯುವುದು ಊರಿನ ಮತಗಟ್ಟೆಯಲ್ಲಿ ಮಾತ್ರ.

ಇನ್ನು ಓಟಿನ ತೂಕ. ಮಡಕಶಿರಾ ವಿಧಾನಸಭಾ ಕ್ಷೇತ್ರದಲ್ಲಿ 2024ರಲ್ಲಿ ಗೆಲುವಿನ ಅಂತರ ಬರೀ 351. ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿ ಆಗ 32 ಲಕ್ಷಕ್ಕೂ ಹೆಚ್ಚು ಮತದಾರರು. ಅಲ್ಲಿ ನನ್ನದೊಂದು ಓಟು ಯಾವ ಲೆಕ್ಕಕ್ಕೆ? ಬಿಜೆಪಿ 240ಕ್ಕೆ ನಿಂತಾಗ ದಿಲ್ಲಿ ಸರ್ಕಾರಕ್ಕೆ ಟಿಡಿಪಿಯ 16 ಸ್ಥಾನ ಬೇಕಾದವು. ಅವುಗಳಲ್ಲಿ ಅನಂತಪುರ, ಹಿಂದೂಪುರ ಎರಡೂ ಇವೆ.

ನಾವು ಊರು ಬಿಟ್ಟದ್ದು ಇಷ್ಟಪಟ್ಟಲ್ಲ, ಮಳೆ ಕೈಕೊಟ್ಟು. ಹಂದ್ರಿ–ನೀವಾ ಕಾಲುವೆ, ಭೈರವಾನಿ ತಿಪ್ಪ ಜಲಾಶಯಕ್ಕೆ ನೀರು ಎಂಬ ಮಾತು ಚುನಾವಣೆಯಿಂದ ಚುನಾವಣೆಗೆ ಬರುತ್ತಲೇ ಇದೆ. ಗುಳೆ ಹೋದವರ ಹೆಸರೆಲ್ಲ ಪಟ್ಟಿಯಿಂದ ಹೋದರೆ, ನೀರು ಬರಲಿಲ್ಲ ಎಂದು ಜಗಳಕ್ಕೆ ನಿಲ್ಲುವವರು ಯಾರು? ಗಡಿಯ ಕನ್ನಡ ಶಾಲೆಗೂ ಇದೇ ಮಾತು. ಕನ್ನಡದವರ ಓಟು ಕಡಿಮೆಯಾದಷ್ಟೂ ಮೇಷ್ಟ್ರ ಹುದ್ದೆ ಖಾಲಿ ಬಿದ್ದರೆ ಕೇಳುವವರಿಲ್ಲ. ತಾತ್ಕಾಲಿಕವಾಗಿ ಊರಲ್ಲಿಲ್ಲ ಎಂಬ ಕಾರಣಕ್ಕೇ ಓಟು ಹೋಗುವುದಿಲ್ಲ ಎಂದು ಕಾನೂನೂ ಹೇಳುತ್ತದೆ.

ವಿರೋಧ: ಫಲ ಉಣ್ಣುವವರು ಆರಿಸಲಿ

ಅಣ್ಣ ಕಾನೂನಿನ ಅರ್ಧ ಓದಿದ್ದಾನೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಸೆಕ್ಷನ್, ಮನೆ ಇದೆ ಎಂದ ಮಾತ್ರಕ್ಕೆ ಒಬ್ಬ ಅಲ್ಲಿನ ವಾಸಿ ಆಗುವುದಿಲ್ಲ ಎಂದೂ ಹೇಳುತ್ತದೆ. ತಾತ್ಕಾಲಿಕ ಎಂಬುದು ಗಾರೆ ಕೆಲಸಕ್ಕೆ ಬಂದು ಬಿತ್ತನೆಗೆ ಹಿಂದಿರುಗುವವನಿಗೆ ಸಲ್ಲುವ ಮಾತು. ನಿನ್ನ ಮಕ್ಕಳು ಹುಟ್ಟಿದ್ದು ಇಲ್ಲಿ, ಓದುತ್ತಿರುವುದು ಇಲ್ಲಿ, ಕಾವೇರಿ ನೀರಿನ ಬಿಲ್ಲು ನಿನ್ನ ಹೆಸರಿನಲ್ಲಿ.

ಹೊಲದ ಮಾತಿಗೆ ಬಂದರೆ, ಅದರಲ್ಲಿ ನನಗೂ ಪಾಲಿದೆ. ಹಿಂದೂಪುರದ ಶಾಸಕರಾಗಿದ್ದ ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾಗಿದ್ದಾಗಲೇ, 1980ರ ದಶಕದಲ್ಲಿ, ಆಂಧ್ರ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಕಾನೂನು ತಂದಿತು. ಪಾಲಿದ್ದರೂ ಮದುವೆಯಾದ ಮೇಲೆ ನನ್ನ ಓಟು ಇಲ್ಲಿಗೆ ಬಂತು. ಹೆಣ್ಣುಮಕ್ಕಳ ಓಟು ಗಂಡನ ಮನೆಗೆ ಹೋದಾಗ ಊರಿನ ಋಣ ಹರಿಯಿತು ಎಂದು ಯಾರೂ ಅತ್ತಿಲ್ಲ. ಗಂಡುಮಕ್ಕಳಿಗೆ ಮಾತ್ರ ಏಕೆ ಈ ಸಂಕಟ?

351ರ ಲೆಕ್ಕ ನನ್ನ ಕಡೆಗೇ ಸಾಕ್ಷಿ ಹೇಳುತ್ತದೆ. ಅಂತರ ಅಷ್ಟು ತೆಳುವಾದರೆ, ಒಂದು ದಿನಕ್ಕೆ ಬಂದು ಹೋಗುವವರು ಅಲ್ಲೇ ಇರುವವರ ತೀರ್ಪನ್ನು ತಿರುಗಿಸಬಹುದು. ಅಣ್ಣ ಅಪ್ಪನ ಕಡೆ ಗುಂಡಿ ಒತ್ತಿದ, ಅಮ್ಮನ ಓಟಿಗೆ ಅಲ್ಲಿಗಲ್ಲಿಗಾಯಿತು. ಮಂಗಳವಾರ ಬೆಳಿಗ್ಗೆ ಆಫೀಸಿನಲ್ಲಿದ್ದ. ಪಿಂಚಣಿಗೆ ಕಾದು ಕೂತವಳು ಅಮ್ಮ. ಜುಲೈ 1ಕ್ಕೆ ಹೊಸ ಸರ್ಕಾರ ಬಾಕಿ ಸೇರಿಸಿ 7,000 ಕೊಟ್ಟದ್ದು ಒಳ್ಳೆಯದೇ ಆಯಿತು. ಕೊಡದೇ ಹೋಗಿದ್ದರೆ ಉಪವಾಸ ಅಣ್ಣನದಾಗುತ್ತಿರಲಿಲ್ಲ.

ಕಲ್ಯಾಣದುರ್ಗ 2009ರಲ್ಲಿ ಕಾಂಗ್ರೆಸ್ಸನ್ನು, 2014ರಲ್ಲಿ ಟಿಡಿಪಿಯನ್ನು, 2019ರಲ್ಲಿ ವೈಎಸ್‌ಆರ್ ಕಾಂಗ್ರೆಸ್ಸನ್ನು, 2024ರಲ್ಲಿ ಮತ್ತೆ ಟಿಡಿಪಿಯನ್ನು ಗೆಲ್ಲಿಸಿದೆ. ಯಾರನ್ನು ಯಾವಾಗ ಇಳಿಸಬೇಕೆಂದು ಅಲ್ಲಿರುವವರಿಗೆ ಚೆನ್ನಾಗಿ ಗೊತ್ತು. ಕನ್ನಡ ಶಾಲೆ ಉಳಿಯಬೇಕಾದರೆ ಓಟಿಗಿಂತ ಮೊದಲು ಮಕ್ಕಳು ಬೇಕು. ನಮ್ಮ ಮಕ್ಕಳನ್ನು ಅಲ್ಲಿಗೆ ಸೇರಿಸಿದವರು ಯಾರಿದ್ದೇವೆ?

ಇತ್ತ ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. 2024ರ ಮೇನಲ್ಲಿ ಅಣ್ಣ ಬಸ್ಸು ಹತ್ತುವಾಗಲೂ ಚುನಾವಣೆ ಆಗಿರಲಿಲ್ಲ. ಆಂಧ್ರದಲ್ಲಿ ಮತದಾನ ಶೇ 80 ದಾಟಿದರೆ ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಆಸುಪಾಸು. ಕಸ, ಚರಂಡಿ, ಗುಂಡಿ ಬಿದ್ದ ರಸ್ತೆ ಎಂದು ಬೈಯುವವರ ಓಟೆಲ್ಲ ಬೇರೆಲ್ಲೋ ಇದ್ದರೆ ಕಾರ್ಪೊರೇಟರಿಗೆ ಯಾರ ಹೆದರಿಕೆ? ಊರಿಗೆ ಹೋಗುವ ದಾರಿಯೂ ಶುದ್ಧವಲ್ಲ. ‘ಬಸ್ಸು ಮಾಡಿದ್ದೀವಿ, ಬನ್ನಿ’ ಎಂದು ಫೋನು ಬರುತ್ತದೆ. ಅಭ್ಯರ್ಥಿ ಗಾಡಿ ಮಾಡಿ ಮತದಾರರನ್ನು ಮತಗಟ್ಟೆಗೆ ಕರೆತರುವುದು ಕಾನೂನಿನ ಕಣ್ಣಲ್ಲಿ ಭ್ರಷ್ಟಾಚಾರವೇ.

ಅಣ್ಣನ ಮರುಮಾತು

ನಾನು ಸ್ವಂತ ದುಡ್ಡಿನಲ್ಲಿ ಹೋದವನು. ಎರಡು ಕಡೆ ಹೆಸರಿಟ್ಟುಕೊಂಡವರ ಪರ ನಾನು ವಾದಿಸುವುದಿಲ್ಲ, ಅದು ಅಪರಾಧ. ಇದ್ದಲ್ಲಿಂದಲೇ ಊರಿಗೆ ಮತ ಹಾಕುವ ಯಂತ್ರದ ಮಾತನ್ನು ಆಯೋಗವೇ 2022ರ ಡಿಸೆಂಬರಿನಲ್ಲಿ ಎತ್ತಿತ್ತು, ಬಹಳಷ್ಟು ವಿರೋಧ ಪಕ್ಷಗಳು ಒಪ್ಪಲಿಲ್ಲ. ವಯಸ್ಸಾದ ಮೇಲೆ ಊರಿಗೇ ಹೋಗಿ ಇರುವವನು ನಾನು. ಆಗ ಊರು ಹೇಗಿರಬೇಕೆಂದು ಈಗಲೇ ಹೇಳಿದರೆ ತಪ್ಪೇನು?

ತಂಗಿಯ ಮರುಮಾತು

ಹೋದ ದಿನ ಹೆಸರೂ ಬದಲಾಯಿಸಿಕೋ, ಫಾರ್ಮ್ 8 ಇರುವುದೇ ಅದಕ್ಕೆ. ನಿನ್ನ ಮಗಳಿಗೆ ಹದಿನೆಂಟು ತುಂಬುತ್ತಾ ಬಂತು. ಬೇಸಿಗೆ ರಜೆಗಲ್ಲದೆ ಅವಳು ಕಲ್ಯಾಣದುರ್ಗ ಕಂಡವಳಲ್ಲ. ಅವಳ ಫಾರ್ಮ್ 6ರಲ್ಲಿ ಯಾವ ವಿಳಾಸ ಬರೆಸುತ್ತೀಯ, ಅದನ್ನು ಹೇಳು.